ಊರಂಚಿನ ವಸಂತ

ವಸಂತ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಎರಡು ಚಿತ್ರಗಳು ಮೂಡುತ್ತವೆ. ಒಂದು, ಕಾವ್ಯಗಳಿಂದ ಬಂದ ಮಲಯಮಾರುತ, ಕೋಗಿಲೆ, ಮಾವಿನ ಚಿಗುರುಗಳ ಚಿತ್ರ. ಇನ್ನೊಂದು, ಇಂಗ್ಲಿಷ್ ಪಠ್ಯಗಳಿಂದ ಬಂದ, ಹಿಮ ಕರಗಿ ಹಸುರು ತಲೆದೋರುವ ಚಿತ್ರ. ಮೈಸೂರು ಸೀಮೆಯ ಬಯಲಿನ ಚೈತ್ರ ಇವೆರಡರಲ್ಲಿ ಯಾವುದನ್ನೂ ಪೂರ್ತಿಯಾಗಿ ಹೋಲುವುದಿಲ್ಲ. ಇಲ್ಲಿ ಕರಗಲು ಹಿಮವಿಲ್ಲ. ಕಳೆದ ಕಾರ್ತಿಕದ ಮಳೆಯೇ ಕೊನೆಯ ಮಳೆ. ಆಮೇಲಿನ ನಾಲ್ಕೈದು ತಿಂಗಳಲ್ಲಿ ಹೊಲದ ಮಣ್ಣು ಬಿರುಕು ಬಿಟ್ಟಿರುತ್ತದೆ, ಕೆರೆಯ ಅಂಚು ಹಿಂದೆ ಸರಿದಿರುತ್ತದೆ. ವರ್ಷದಲ್ಲಿಯೇ ಅತ್ಯಂತ ಒಣ ಕಾಲ ಇದು. ಈ ಕಾಲದಲ್ಲಿಯೇ ಮರಗಳು ಚಿಗುರುತ್ತವೆ. ಸೋಜಿಗವೆಂದರೆ ಇದು, ಕೋಗಿಲೆಯ ದನಿಯಲ್ಲ.

ಯುಗಾದಿ ಕಳೆದ ಬಳಿಕ ಒಂದು ರಜಾದಿನ, ಚಾಮುಂಡಿ ಬೆಟ್ಟದ ಬೆನ್ನಿಗೆ ಉತ್ತನಹಳ್ಳಿಯ ಕಡೆಗೆ ಹರಡಿದ ಹೊಲಗಳ ನಡುವೆ, ನಾವು ವಾಚಕರೊಡನೆ ನಡೆದು ನೋಡೋಣ. ಬೇರೆ ಊರಿನವರು ತಮ್ಮ ಊರಿನ ಅಂಚನ್ನೇ ಆರಿಸಿಕೊಳ್ಳಬಹುದು. ಭೌತನಿಯಮಗಳು ಮೈಸೂರಿಗೆ ಮೀಸಲಾದವಲ್ಲ. ಕೈಯಲ್ಲಿರಬೇಕಾದುದು ಒಂದು ಅಳತೆಪಟ್ಟಿ, ಒಂದು ಬಿಳಿಯ ಹಾಳೆ, ಸೂಜಿಯಿಂದ ತೂತು ಮಾಡಿದ ಒಂದು ರಟ್ಟು, ಒಂದು ಗಡಿಯಾರ. ತಲೆಗೆ ಟೋಪಿ ಮತ್ತು ಕುಡಿಯುವ ನೀರು ಇರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಮೊದಲು ಚಿಗುರಿನ ವಿಚಾರ. ಅರಳಿಯ ಎಲೆ ತಾಮ್ರದ ಬಣ್ಣದಲ್ಲಿ ಹೊಳೆಯುತ್ತಿದೆ. ಮಾವಿನ ಕುಡಿ ಕೆಂಪಾಗಿ ಬಾಗಿದೆ. ಹೊಂಗೆ ಕಣ್ಣು ಕೋರೈಸುವ ಎಳೆಹಸುರನ್ನು ಹೊತ್ತಿದೆ. ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ಹರಿತ್ತು ಇನ್ನೂ ಬಲಿಯದ ಎಳೆಯ ಎಲೆಗೆ ಪ್ರಖರ ಬೆಳಕಿನಿಂದ ಅದು ಮರೆಯಾಗುತ್ತದೆಂದು ಅನೇಕ ಸಸ್ಯವಿಜ್ಞಾನಿಗಳ ಅಭಿಪ್ರಾಯ. ಆದರೆ ಮಳೆಯಿಲ್ಲದ ಕಾಲದಲ್ಲಿ ಈ ಎಲೆಗಳಿಗೆ ನೀರೆಲ್ಲಿಯದು? ಉತ್ತರದ ಅರ್ಧಭಾಗ ಎಲೆ ಉದುರುವುದರಲ್ಲಿಯೇ ಇದೆ. ಎಲೆಗಳು ಇರುವವರೆಗೆ ಮರ ಹಗಲೆಲ್ಲ ನೀರನ್ನು ಆವಿಯಾಗಿ ಕಳೆಯುತ್ತಿರುತ್ತದೆ. ಹಳೆಯ ಎಲೆಗಳನ್ನು ಕಳಚಿದ ಕೂಡಲೆ ಈ ವೆಚ್ಚ ನಿಲ್ಲುತ್ತದೆ, ಆಳದ ಮಣ್ಣಿನಲ್ಲಿ ಉಳಿದ ತೇವವನ್ನು ಬೇರುಗಳು ಹೀರಿ ಕಾಂಡವನ್ನು ಮತ್ತೆ ತುಂಬುತ್ತವೆ, ಮೊಗ್ಗುಗಳು ಉಬ್ಬುತ್ತವೆ. ಬರಲಿರುವ ಮಳೆಗೆ ಮುಂಚೆಯೇ ಎಲೆಯನ್ನು ಸಿದ್ಧಗೊಳಿಸಿಕೊಂಡ ಮರಕ್ಕೆ, ಮಳೆ ಬಿದ್ದ ಮೊದಲ ದಿನದಿಂದಲೇ ಆಹಾರ ತಯಾರಿಕೆ ಸಾಧ್ಯ.

ಉತ್ತರದ ಇನ್ನರ್ಧ ಭೌತಶಾಸ್ತ್ರದ್ದು. ಹೀರುವ ಪಂಪು ನೀರನ್ನು ವಾಯುಭಾರ ಅನುಮತಿಸಿದಷ್ಟೇ ಎತ್ತರಕ್ಕೆ ಏರಿಸಬಲ್ಲದು. ಸಮುದ್ರಮಟ್ಟದಲ್ಲಿ ಅದು ೧೦.೩ ಮೀಟರ್, ಸಮುದ್ರಮಟ್ಟಕ್ಕಿಂತ ಸುಮಾರು ೭೭೦ ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ಇನ್ನೂ ಕಡಮೆ, ೯.೪ ಮೀಟರ್. ಆದರೆ ದಾರಿಯ ಬದಿಯ ಅರಳಿ ಇಪ್ಪತ್ತು ಮೀಟರಿಗೂ ಮೇಲೆ ನೀರು ಕಳಿಸುತ್ತಿದೆ. ೧೮೯೪ರಲ್ಲಿ ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ಎಂಬಿಬ್ಬರು ಇದಕ್ಕೆ ಸಮಾಧಾನ ಸೂಚಿಸಿದರು. ಮರ ನೀರನ್ನು ಕೆಳಗಿನಿಂದ ತಳ್ಳುವುದಿಲ್ಲ. ಎಲೆಗಳಲ್ಲಿ ನೀರು ಆವಿಯಾದಂತೆ ಅದರ ಹಿಂದಿನ ನೀರು ಮೇಲಕ್ಕೆ ಎಳೆಯಲ್ಪಡುತ್ತದೆ. ಸಣ್ಣ ನಾಳಗಳಲ್ಲಿ ನೀರಿನ ಅಣುಗಳು ಪರಸ್ಪರ ಸಂಸಕ್ತಿಯಿಂದ ಹಗ್ಗದಂತೆ ಹಿಡಿದುಕೊಂಡಿರುತ್ತವೆ. ಹತ್ತಾರು ವಾಯುಭಾರಗಳಷ್ಟು ಎಳೆತವನ್ನು ಈ ಹಗ್ಗ ತಡೆಯಬಲ್ಲದು. ನಮ್ಮವರೇ ಆದ ಜಗದೀಶಚಂದ್ರ ಬೋಸರು ೧೯೨೩ರಲ್ಲಿ ಬರೆದ ಗ್ರಂಥದಲ್ಲಿ, ಜೀವಕೋಶಗಳ ಮಿಡಿತವೇ ರಸವನ್ನು ಏರಿಸುತ್ತದೆಂದು ವಾದಿಸಿದ್ದರು. ಆ ವಾದ ನಿಲ್ಲಲಿಲ್ಲ. ಆದರೆ ಅದನ್ನು ಪರೀಕ್ಷಿಸಲು ಅವರು ಕಟ್ಟಿದ ಉಪಕರಣಗಳ ಸೂಕ್ಷ್ಮತೆಯನ್ನು ಕಂಡವರು ಆ ಹಿರಿಯರನ್ನು ಹಗುರವಾಗಿ ಕಾಣಲಾರರು.

ಇನ್ನು ಹೊಂಗೆಯ ನೆರಳಿಗೆ ಬರೋಣ. ಹೊಂಗೆಯ ನೆರಳಿನ ತಂಪು ನಮ್ಮ ನಾಡಿನಲ್ಲಿ ಗಾದೆಯ ಮಾತಾಗಿದೆ. ಅಲ್ಲಿ ಕುಳಿತು ನೆಲವನ್ನು ನೋಡಿರಿ. ನೆರಳಿನ ನಡುವೆ ನೂರಾರು ಬೆಳಕಿನ ಚುಕ್ಕೆಗಳು. ಅವುಗಳಲ್ಲಿ ಬಹುಪಾಲು ದುಂಡಗೋ ನೀಳದುಂಡಗೋ ಇವೆ. ವಕ್ರೀಭವನದ ಸೂತ್ರವನ್ನು ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಗಳು ಕೂಡ, ಈ ಚುಕ್ಕೆಗಳು ಏಕೆ ದುಂಡಗಿವೆ ಎಂದು ಕೇಳಿದರೆ, “ಎಲೆಗಳ ಸಂದು ದುಂಡಗಿರಬಹುದು” ಎಂದು ಹೇಳುವುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ತಲೆಯೆತ್ತಿ ನೋಡಿದರೆ ಸಾಕು: ಸಂದುಗಳು ಮೂರು ಮೂಲೆಯವು, ಸೀಳಿದಂತಿರುವವು, ಚೂಪಾದವು, ದುಂಡಗಿನದು ಒಂದೂ ಇಲ್ಲ.

ನೆಲದ ಮೇಲಿರುವುದು ಸಂದಿನ ಆಕಾರವಲ್ಲ, ಸೂರ್ಯನ ಆಕಾರ. ಪ್ರತಿಯೊಂದು ಸಣ್ಣ ಸಂದೂ ಸೂಚೀರಂಧ್ರ ಕ್ಯಾಮರಾದಂತೆ ಕೆಲಸ ಮಾಡಿ ಸೂರ್ಯನ ಬಿಂಬವನ್ನು ನೆಲದ ಮೇಲೆ ಚೆಲ್ಲುತ್ತದೆ. ಸೂರ್ಯಬಿಂಬದ ಒಂದೊಂದು ಬಿಂದುವಿನಿಂದ ಬಂದ ಬೆಳಕೂ ನೆಲದ ಮೇಲೆ ಸಂದಿನ ಆಕಾರದ ಒಂದು ಪುಟ್ಟ ಮಚ್ಚೆಯನ್ನು ಬರೆಯುತ್ತದೆ. ಇಂಥ ಅಸಂಖ್ಯಾತ ಮಚ್ಚೆಗಳು ವೃತ್ತಾಕಾರದಲ್ಲಿ ಒತ್ತಾಗಿ ಬಿದ್ದಾಗ ಮೂಲೆಗಳೆಲ್ಲ ಅಳಿಸಿ ವೃತ್ತವೊಂದೇ ಉಳಿಯುತ್ತದೆ. ಸಂದು ದೊಡ್ಡದಾಗಿದ್ದರೆ ಮಾತ್ರ ಅದರ ಸ್ವಂತ ಆಕಾರ ಗೆಲ್ಲುತ್ತದೆ. ಅರಿಸ್ಟಾಟಲನ ಹೆಸರಿನಲ್ಲಿರುವ ಗ್ರೀಕ್ ಪ್ರಶ್ನಾವಳಿಯೊಂದರಲ್ಲಿಯೇ ಈ ಪ್ರಶ್ನೆ ಎದ್ದಿತ್ತು. ೧೬೦೪ರಲ್ಲಿ ಕೆಪ್ಲರ್ ಇದಕ್ಕೆ ಪೂರ್ಣವಾದ ವಿವರಣೆ ಕೊಟ್ಟನು. ಎರಡು ಸಾವಿರ ವರ್ಷಗಳ ಕಾಲ ಪಂಡಿತರು ಮರದ ನೆರಳಿನಲ್ಲಿ ಕುಳಿತದ್ದೇನೂ ಕಡಮೆಯಲ್ಲ!

ಇದಕ್ಕೆ ಪ್ರತ್ಯಕ್ಷ ಸಾಕ್ಷಿ ೨೦೧೯ರ ಡಿಸೆಂಬರ್ ೨೬ರಂದು ಸಿಕ್ಕಿತು. ಅಂದು ಬೆಳಗ್ಗೆ ಕಂಕಣ ಸೂರ್ಯಗ್ರಹಣದ ಪಥ ಕೊಡಗಿನ ಕುಟ್ಟದ ಮೇಲೆ ಹಾದಿತ್ತು. ಮೈಸೂರಿನ ಸುತ್ತಮುತ್ತ ಗ್ರಹಣ ಏರುತ್ತಿದ್ದಂತೆ ಮರಗಳ ನೆರಳಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಾಳಿದವು. ಎಲೆಗಳ ಸಂದೇನೂ ಅಂದು ಬದಲಾಗಿರಲಿಲ್ಲ.

ಈ ಚುಕ್ಕೆಗಳಿಂದ ಸೂರ್ಯನ ಗಾತ್ರವನ್ನೇ ಅಳೆಯಬಹುದು. ರಟ್ಟನ್ನು ಕೊಂಬೆಗೆ ಕಟ್ಟಿ, ಅದರ ರಂಧ್ರದಿಂದ ಬಂದ ಬೆಳಕನ್ನು ಕಿರಣಗಳಿಗೆ ನೇರ ಅಡ್ಡವಾಗಿ ಹಿಡಿದ ಹಾಳೆಯ ಮೇಲೆ ಬೀಳಿಸಿರಿ. ಹಾಳೆ ಓರೆಯಾದರೆ ವೃತ್ತ ನೀಳವಾಗಿ ಲೆಕ್ಕ ಕೆಡುತ್ತದೆ. ರಂಧ್ರದಿಂದ ಹಾಳೆಗೆ ೩ ಮೀಟರ್ ದೂರವಿದ್ದರೆ ಬಿಂಬದ ವ್ಯಾಸ ಸುಮಾರು ೨೮ ಮಿಲಿಮೀಟರ್ ಬರುತ್ತದೆ. ಅಂದರೆ ದೂರದ ೧೦೭ನೆಯ ಒಂದು ಪಾಲು. ಸದೃಶ ತ್ರಿಭುಜಗಳ ನಿಯಮದಂತೆ ಸೂರ್ಯನ ವ್ಯಾಸವೂ ಅವನ ದೂರದ ೧೦೭ನೆಯ ಒಂದು ಪಾಲೇ ಆಗಬೇಕು. ದೂರ ೧೫ ಕೋಟಿ ಕಿಲೋಮೀಟರ್ ಎಂದು ಹಿಡಿದರೆ ವ್ಯಾಸ ೧೪ ಲಕ್ಷ ಕಿಲೋಮೀಟರ್. ನಿಖರವಾದ ಅಳತೆ ೧೩ ಲಕ್ಷ ೯೨ ಸಾವಿರ. ಒಂದು ರಟ್ಟಿಗೆ, ಒಂದು ಸೂಜಿಗೆ ಇದು ಅಲ್ಪ ಫಲವಲ್ಲ. ಆದರೆ ರಂಧ್ರದ ಮೂಲಕ ಸೂರ್ಯನನ್ನು ಎಂದಿಗೂ ನೋಡಬಾರದು. ಬಿಂಬವನ್ನು ಮಾತ್ರ ನೋಡಬೇಕು.

ಇದೇ ಮರದಡಿಯಲ್ಲಿ ಗಡಿಯಾರವನ್ನೂ ಪರೀಕ್ಷಿಸಬಹುದು. ಮೈಸೂರಿನ ಅಕ್ಷಾಂಶ ಸುಮಾರು ೧೨.೩ ಅಂಶ. ಏಪ್ರಿಲ್ ೨೨-೨೩ರ ಸುಮಾರಿಗೆ ಸೂರ್ಯ ಇಲ್ಲಿ ನಡುನೆತ್ತಿಯ ಮೇಲೆ ಬರುತ್ತಾನೆ; ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆ ಗಳಿಗೆ ಹನ್ನೆರಡು ಗಂಟೆಯಲ್ಲ. ನಮ್ಮ ಗಡಿಯಾರಗಳು ೮೨.೫ ಅಂಶ ರೇಖಾಂಶದ ಕಾಲವನ್ನು ತೋರಿಸುತ್ತವೆ, ಮೈಸೂರು ೭೬.೬೫ ಅಂಶದಲ್ಲಿದೆ. ಅಂಶವೊಂದಕ್ಕೆ ನಾಲ್ಕು ನಿಮಿಷದಂತೆ ೨೩ ನಿಮಿಷ ತಡ; ಆ ದಿನಗಳಲ್ಲಿ ಸೂರ್ಯ ಸರಾಸರಿಗಿಂತ ಒಂದೂವರೆ ನಿಮಿಷ ಮುಂದಿರುವುದರಿಂದ ಸುಮಾರು ೧೨ ಗಂಟೆ ೨೨ ನಿಮಿಷಕ್ಕೆ ನಿಜವಾದ ಮಧ್ಯಾಹ್ನ. ಆಗಸ್ಟ್ ೨೦ರ ಸುಮಾರಿಗೆ ಸೂರ್ಯ ಮತ್ತೆ ನೆತ್ತಿಗೆ ಬರುತ್ತಾನೆ, ಆದರೆ ಆಗ ಮೋಡ ಅವನನ್ನು ನೋಡಗೊಡುವುದು ಅಪರೂಪ.

ನೆರಳು ಬಿಟ್ಟು ಡಾಮರು ರಸ್ತೆಗೆ ಬಂದರೆ ಮುಂದೆ ನೀರು ನಿಂತಂತೆ ಕಾಣುತ್ತದೆ. ಹತ್ತಿರ ಹೋದಷ್ಟೂ ಅದು ದೂರ ಸರಿಯುತ್ತದೆ. ನಮ್ಮ ಪೂರ್ವಿಕರು ಇದನ್ನು ಬಿಸಿಲ್ಗುದುರೆ ಎಂದು ಕರೆದರು. ಓಡಿದರೂ ಕೈಗೆ ಸಿಗದ ಕುದುರೆ. ಮರೀಚಿಕೆ ಎಂಬ ಸಂಸ್ಕೃತ ಪದಕ್ಕಿಂತ ಈ ಹೆಸರು ನಮಗೆ ಹೆಚ್ಚು ಪ್ರಿಯ. ೧೭೯೮ರಲ್ಲಿ ನೆಪೋಲಿಯನ್ನನ ದಂಡಿನೊಡನೆ ಈಜಿಪ್ಟಿಗೆ ಹೋದ ಗಣಿತಜ್ಞ ಮೋಂಜ್, ಬಾಯಾರಿದ ಸೈನಿಕರನ್ನು ಮೋಸಗೊಳಿಸಿದ ಇದೇ ದೃಶ್ಯಕ್ಕೆ ಕಾರಣವನ್ನು ವಿವರಿಸಿದನು.

ಪಠ್ಯಪುಸ್ತಕಗಳಲ್ಲಿ ಇದರ ಚಿತ್ರ ಬಿಡಿಸುವಾಗ ನೆಲದ ಮೇಲೆ ಬಿಸಿಗಾಳಿಯ ದಪ್ಪನೆಯ ಪದರ ಹಾಕಿ, ಕಿರಣ ಕಡಿದಾಗಿ ಇಳಿದು ಪೂರ್ಣ ಆಂತರಿಕ ಪ್ರತಿಫಲನಗೊಂಡು ಮೇಲೇರುವಂತೆ ತೋರಿಸುತ್ತಾರೆ. ಆ ಚಿತ್ರ ನಮಗೆ ಒಪ್ಪಿಗೆಯಿಲ್ಲ. ಕಿರಣ ಒಂದು ಕನ್ನಡಿಯ ಮೇಲೆಂಬಂತೆ ತಟ್ಟನೆ ತಿರುಗುವುದಿಲ್ಲ, ಕ್ರಮಕ್ರಮವಾಗಿ ಬಾಗುತ್ತದೆ. ಬಾಗುವ ಕೋನವೋ ಅತ್ಯಲ್ಪ. ಎಷ್ಟು ಅಲ್ಪವೆಂಬುದನ್ನು ಲೆಕ್ಕ ಹಾಕೋಣ. ಮೈಸೂರಿನ ವಾಯುಭಾರದಲ್ಲಿ, ೩೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯ ವಕ್ರೀಭವನಾಂಕ ಸುಮಾರು ೧.೦೦೦೨೩೮. ಡಾಮರಿಗೆ ತಾಗಿದ ಗಾಳಿ ೫೫ ಡಿಗ್ರಿ ಇದ್ದರೆ ಅಲ್ಲಿ ಅದು ೧.೦೦೦೨೨೩. ವ್ಯತ್ಯಾಸ ಒಂದು ಲಕ್ಷದಲ್ಲಿ ಒಂದೂವರೆ ಪಾಲು. ಈ ವ್ಯತ್ಯಾಸವನ್ನು ಇಮ್ಮಡಿಸಿ ವರ್ಗಮೂಲ ತೆಗೆದರೆ ಕಿರಣ ನೆಲದೊಡನೆ ಮಾಡಬಹುದಾದ ಗರಿಷ್ಠ ಕೋನ ರೇಡಿಯನ್ನುಗಳಲ್ಲಿ ದೊರೆಯುತ್ತದೆ: ೦.೦೦೫೫, ಅಂದರೆ ಒಂದು ಅಂಶದ ಮೂರನೆಯ ಒಂದು ಪಾಲಿಗಿಂತಲೂ ಕಡಮೆ.

ಈಗ ಕಣ್ಣಿನ ಎತ್ತರ ಒಂದೂವರೆ ಮೀಟರ್ ಆಗಿದ್ದರೆ, ಅದನ್ನು ೦.೦೦೫೫ರಿಂದ ಭಾಗಿಸಿದಾಗ ‘ನೀರಿನ’ ಹತ್ತಿರದ ಅಂಚು ಸುಮಾರು ೨೭೦ ಮೀಟರ್ ದೂರದಲ್ಲಿರಬೇಕು. ರಸ್ತೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಣ್ಣನ್ನು ಅರ್ಧ ಮೀಟರಿಗೆ ಇಳಿಸಿದರೆ ಅಂಚು ೯೦ ಮೀಟರಿಗೆ ಓಡಿ ಬರಬೇಕು. ಮಾಡಿ ನೋಡಿರಿ, ಕುದುರೆ ಹೇಳಿದಂತೆ ಕೇಳುತ್ತದೆ. ಅಂಚಿನ ದೂರವನ್ನು ಹೆಜ್ಜೆಯಿಂದ ಅಥವಾ ಕಿಲೋಮೀಟರ್ ಕಲ್ಲಿನಿಂದ ಅಳೆದು ಲೆಕ್ಕವನ್ನು ಹಿಂದುಮುಂದು ಮಾಡಿದರೆ, ರಸ್ತೆಗೆ ತಾಗಿದ ಗಾಳಿಯ ಉಷ್ಣತೆಯನ್ನು ಉಷ್ಣಮಾಪಕವಿಲ್ಲದೆಯೇ ಹೇಳಬಹುದು. ವಾಹನಗಳು ಹೆಚ್ಚಾಗಿ ಓಡಾಡದ ರಸ್ತೆಯಲ್ಲಿ ಮಾತ್ರ ಈ ಪ್ರಯೋಗ!

ರಸ್ತೆಯಿಂದ ಕೆರೆಯ ಏರಿಗೆ ಹತ್ತಬಹುದು. ಕೆರೆ ಏಕೆ ಇಷ್ಟು ಬೇಗ ಬತ್ತುತ್ತದೆ ಎಂದು ರೈತರು ಕೇಳುವುದುಂಟು. ಈ ಕಾಲದ ನಿಚ್ಚಳವಾದ ಹಗಲಿನಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು ೨೩ ದಶಲಕ್ಷ ಜೂಲ್ ಸೂರ್ಯಶಕ್ತಿ ಬೀಳುತ್ತದೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಬಾಷ್ಪೀಭವನಕ್ಕೆ ಸಂದರೆ, ಕಿಲೋಗ್ರಾಮಿಗೆ ೨.೪ ದಶಲಕ್ಷ ಜೂಲ್ ಗುಪ್ತೋಷ್ಣದಂತೆ, ದಿನಕ್ಕೆ ಸುಮಾರು ೬ ಮಿಲಿಮೀಟರ್ ನೀರು ಹೋಗುತ್ತದೆ. ಒಂದು ಹೆಕ್ಟೇರ್ ಹರವಿನ ಕೆರೆಗೆ ಇದು ದಿನಕ್ಕೆ ೬೦ ಸಾವಿರ ಲೀಟರ್. ಹೂಳು ತುಂಬಿ ಆಳ ಕಡಮೆಯಾಗಿ ಹರವು ಮಾತ್ರ ಉಳಿದ ಕೆರೆ, ಅಷ್ಟೇ ನೀರು ಹಿಡಿದ ಆಳದ ಕೆರೆಗಿಂತ ಬೇಗ ಬತ್ತುವುದು ಈ ಕಾರಣದಿಂದಲೇ. ಹೂಳೆತ್ತುವ ಹಳೆಯ ರೂಢಿಯಲ್ಲಿ ಎಷ್ಟು ಭೌತಶಾಸ್ತ್ರವಿತ್ತೆಂಬುದನ್ನು ನಮ್ಮ ಊರುಗಳು ಬೇಗನೆ ಮರೆತವು.

ಕೆರೆಯಂಗಳದ ಒಣಮಣ್ಣಿನ ಮೇಲೆ ಮಧ್ಯಾಹ್ನ ಎರಡರ ಹೊತ್ತಿಗೆ ಸುಳಿಗಾಳಿಗಳು ಏಳುತ್ತವೆ. ಒಂದು ಎಡಕ್ಕೆ ಸುತ್ತಿದರೆ ಇನ್ನೊಂದು ಬಲಕ್ಕೆ; ಇಷ್ಟು ಚಿಕ್ಕ ಸುಳಿಯ ದಿಕ್ಕನ್ನು ಭೂಮಿಯ ತಿರುಗಾಟ ನಿರ್ಧರಿಸುವುದಿಲ್ಲ. ಅವುಗಳ ಮೇಲೆ ಎಲ್ಲೋ ಎತ್ತರದಲ್ಲಿ ಹದ್ದು ರೆಕ್ಕೆ ಬಡಿಯದೆ ಸುತ್ತುಸುತ್ತಾಗಿ ಏರುತ್ತಿದೆ. ಕಾದ ನೆಲದಿಂದ ಎದ್ದ ಗಾಳಿಯೇ ಅದರ ಏಣಿ. ಏರಿದ ಗಾಳಿ ಹಿಗ್ಗಿ, ಕಿಲೋಮೀಟರಿಗೆ ಹೆಚ್ಚುಕಡಮೆ ೧೦ ಡಿಗ್ರಿಯಂತೆ ತಣಿಯುತ್ತದೆ; ಇಬ್ಬನಿಬಿಂದುವನ್ನು ಮುಟ್ಟಿದ ಕಡೆ ಮೋಡ ಕಟ್ಟುತ್ತದೆ. ನೆಲದ ಉಷ್ಣತೆಗೂ ಇಬ್ಬನಿಬಿಂದುವಿಗೂ ಇರುವ ಅಂತರವನ್ನು ೧೨೫ರಿಂದ ಗುಣಿಸಿದರೆ ಮೋಡದ ತಳದ ಎತ್ತರ ಮೀಟರುಗಳಲ್ಲಿ ಸಿಗುತ್ತದೆ. ಅಂತರ ೧೬ ಡಿಗ್ರಿ ಇದ್ದರೆ ಎರಡು ಕಿಲೋಮೀಟರ್.

ಬೆಳಗ್ಗೆ ಒಂದೂ ಇಲ್ಲದಿದ್ದ ಈ ಮೋಡಗಳು ಮೂರು ಗಂಟೆಗೆ ಹೂಕೋಸಿನಂತೆ ಅರಳಿ, ನಾಲ್ಕಕ್ಕೆ ಬೆಟ್ಟದ ಆಚೆ ಕಪ್ಪಾದರೆ, ನಡಿಗೆಯ ಸ್ವರೂಪವೇ ಬದಲಾಗುತ್ತದೆ. ಮಾವಿನ ಮಳೆ, ಕಾಫಿ ನಾಡಿನ ಹೂಮಳೆ, ಅಶ್ವಿನಿ, ಭರಣಿ ಎಂದು ನಾವು ಕಾದು ಕುಳಿತ ಮಳೆ ಇದೇ. ವರ್ಷದ ಉಗ್ರವಾದ ಸಿಡಿಲುಗಳು ಬರುವುದೂ ಇದರೊಡನೆಯೇ. ನಮ್ಮ ದೇಶದಲ್ಲಿ ಪ್ರತಿವರ್ಷ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ. ಅವರಲ್ಲಿ ಹೊಲದಲ್ಲಿದ್ದವರು, ದನ ಕುರಿ ಕಾಯುತ್ತಿದ್ದವರು, ಮರದಡಿಯಲ್ಲಿ ನಿಂತವರು ಬಹಳ. ಇದನ್ನು ಹಣೆಬರಹವೆಂದು ಬಿಡುವವರಿದ್ದಾರೆ. ಪದವಿಪೂರ್ವ ತರಗತಿಯ ವಿದ್ಯುಚ್ಛಾಸ್ತ್ರ ಬಲ್ಲವರು ಹಾಗೆ ಬಿಡಬೇಕಾಗಿಲ್ಲ. ಆದುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ.

ಹತ್ತು ಕಿಲೋಮೀಟರಿಗೂ ಮೇಲೆ ಬೆಳೆದ ಮೋಡದ ನಡುಭಾಗದಲ್ಲಿ ಮಂಜಿನ ಹರಳುಗಳೂ ಮೃದುವಾದ ಆಲಿಕಲ್ಲುಗಳೂ ಒಂದಕ್ಕೊಂದು ತಾಗಿ ವಿದ್ಯುದಾವೇಶಗಳು ಬೇರ್ಪಡುತ್ತವೆ. ಹಗುರವಾದ ಹರಳುಗಳು ಧನಾವೇಶವನ್ನು ಹೊತ್ತು ಮೇಲೇರುತ್ತವೆ. ಭಾರವಾದವು ಋಣಾವೇಶದೊಡನೆ ಕೆಳಗುಳಿಯುತ್ತವೆ. ಕೊನೆಗೆ ನೆಲಕ್ಕೆ ಹರಿಯುವ ಪ್ರವಾಹ ಸಾಮಾನ್ಯವಾಗಿ ೩೦ ಸಾವಿರ ಆಂಪಿಯರ್. ಒಂಟಿ ಮರಕ್ಕೆ ಇದು ಬಡಿಯಿತೆನ್ನಿ. ಪ್ರವಾಹ ಬುಡಕ್ಕೆ ಇಳಿದು ಮಾಯವಾಗುವುದಿಲ್ಲ. ಅರ್ಧಗೋಲಾಕಾರವಾಗಿ ಮಣ್ಣಿನಲ್ಲಿ ಎಲ್ಲ ಕಡೆಗೂ ಹರಡುತ್ತದೆ. ಮಣ್ಣಿನ ರೋಧಶೀಲತೆಯನ್ನು ಪ್ರವಾಹದಿಂದ ಗುಣಿಸಿ, ಬುಡದಿಂದ ಇರುವ ದೂರದ ೬.೨೮ ಪಟ್ಟಿನಿಂದ ಭಾಗಿಸಿದರೆ ಆ ಸ್ಥಳದ ವಿಭವ ಸಿಗುತ್ತದೆ. ತೇವದ ಮಣ್ಣಿಗೆ ರೋಧಶೀಲತೆ ೧೦೦ ಓಮ್-ಮೀಟರ್ ಎಂದು ಹಿಡಿದರೆ, ೧೦ ಮೀಟರ್ ದೂರದಲ್ಲಿ ವಿಭವ ಸುಮಾರು ೪೭,೭೦೦ ವೋಲ್ಟ್. ೧೧ ಮೀಟರಿನಲ್ಲಿ ೪೩,೪೦೦. ಮರದ ಕಡೆಗೆ ಒಂದು ಮೀಟರ್ ಅಗಲದ ಹೆಜ್ಜೆಯಿಟ್ಟು ಓಡುತ್ತಿರುವವನ ಎರಡು ಪಾದಗಳ ನಡುವೆ ೪,೩೦೦ ವೋಲ್ಟ್ ವಿಭವಾಂತರ! ಒಣ ಮಣ್ಣಿನಲ್ಲಿ, ಬಂಡೆಯ ಮೇಲೆ ಇದು ಇನ್ನೂ ಎಷ್ಟೋ ಪಾಲು ಹೆಚ್ಚು.

ಅದೇ ಜಾಗದಲ್ಲಿ ಪಾದಗಳ ಅಂತರ ೨೦ ಸೆಂಟಿಮೀಟರ್ ಆದರೆ ವಿಭವಾಂತರ ಸುಮಾರು ೯೦೦ ವೋಲ್ಟಿಗೆ ಇಳಿಯುತ್ತದೆ. ಎರಡೂ ಪಾದಗಳು ಒಂದಕ್ಕೊಂದು ತಾಗಿದ್ದರೆ ಮತ್ತೂ ಕಡಮೆ. ಹಸುವಿನ ಮುಂಗಾಲು ಹಿಂಗಾಲುಗಳ ನಡುವೆ ಒಂದೂವರೆ ಮೀಟರ್ ಅಂತರ: ೬,೨೦೦ ವೋಲ್ಟ್. ಅಲ್ಲದೆ ಅದರಲ್ಲಿ ಪ್ರವಾಹ ಎದೆಯ ಮೂಲಕವೇ ಹಾಯುತ್ತದೆ. ಒಂದೇ ಮರದ ಕೆಳಗೆ ಇಡೀ ಮಂದೆ ಬಿದ್ದು, ಕಾಯುತ್ತಿದ್ದವನು ಉಳಿದ ಪ್ರಸಂಗಗಳನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಇದರಿಂದ ಕಾರಣ ತಿಳಿಯುತ್ತದೆ. ಮರಕ್ಕೆ ಒರಗಿ ನಿಂತವನ ಗತಿ ಇನ್ನೂ ಕಠಿಣ. ಕಾಂಡಕ್ಕಿಂತ ಮನುಷ್ಯನ ದೇಹ ವಿದ್ಯುತ್ತಿಗೆ ಸುಲಭವಾದ ದಾರಿ, ಆದ್ದರಿಂದ ಸಿಡಿಲು ಮರದಿಂದ ಅವನಿಗೆ ಹಾರುತ್ತದೆ. ಮಧ್ಯಾಹ್ನ ನಮ್ಮನ್ನು ಸಲಹಿದ ಅದೇ ಹೊಂಗೆ ನಾಲ್ಕು ಗಂಟೆಗೆ ವರ್ಜ್ಯ.

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿರಿ. ೩೦ ಡಿಗ್ರಿ ಉಷ್ಣತೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ೩೪೯ ಮೀಟರ್; ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದರೆ ಸಾಕು. ಎಣಿಕೆ ಮೂವತ್ತಕ್ಕಿಂತ ಕಡಮೆಯಾದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ; ಮುಂದಿನದು ತಲೆಯ ಮೇಲೆಯೇ ಬೀಳಬಹುದಾದ ಅಂತರ ಅದು. ಆಗ ಪಕ್ಕಾ ಕಟ್ಟಡಕ್ಕೆ ಅಥವಾ ಕಬ್ಬಿಣದ ಮಾಡಿರುವ ಮುಚ್ಚಿದ ವಾಹನದೊಳಕ್ಕೆ ಸೇರಬೇಕು. ಹೊಲದ ಗುಡಿಸಲು, ನಾಲ್ಕು ಕಂಬದ ಮಂಟಪ, ಟಾರ್ಪಾಲಿನ ಆಸರೆ ಇವು ಮಳೆಗೆ ಮರೆ, ಸಿಡಿಲಿಗಲ್ಲ. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯಬೇಕು. ಯಾವ ಆಸರೆಯೂ ಸಿಗದಿದ್ದರೆ ಮರ, ಕಂಬ, ತಂತಿಬೇಲಿ, ನೀರು ಇವುಗಳಿಂದ ದೂರವಾಗಿ ತಗ್ಗಿನಲ್ಲಿ ಪಾದಗಳನ್ನು ಜೋಡಿಸಿ ಕುಕ್ಕರಿಸುವುದು. ಮಲಗಕೂಡದು, ಏಕೆಂಬುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ. ಗುಂಪಾಗಿದ್ದವರು ಚದುರಿ ಕುಳಿತರೆ ಒಂದೇ ಏಟಿಗೆ ಎಲ್ಲರೂ ಸಿಗುವುದಿಲ್ಲ. ಈಗ ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯವರ ದಾಮಿನಿ ಎಂಬ ಮೊಬೈಲ್ ಆ್ಯಪ್ ಕೂಡ ಸುತ್ತಮುತ್ತಲಿನ ಸಿಡಿಲಿನ ಮುನ್ನೆಚ್ಚರಿಕೆ ಕೊಡುತ್ತದೆ.

ಇನ್ನೊಂದು ಮಾತು. ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುತ್ತದೆ, ಮುಟ್ಟಬಾರದು ಎಂಬ ನಂಬಿಕೆ ಹಳ್ಳಿಗಳಲ್ಲಿ ಮಾತ್ರವಲ್ಲ, ಕಾಲೇಜುಗಳಲ್ಲಿಯೂ ಇದೆ. ಇದು ಸುಳ್ಳು. ಪ್ರವಾಹ ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ನೆಲ ಸೇರಿ ಆಗಿರುತ್ತದೆ. ಹೃದಯ ಮತ್ತು ಉಸಿರು ನಿಂತವನ ಎದೆಯನ್ನು ಒಡನೆಯೇ ಒತ್ತಿ, ಉಸಿರು ಕೊಟ್ಟು, ೧೧೨ಕ್ಕೋ ೧೦೮ಕ್ಕೋ ಕರೆ ಮಾಡಿದರೆ ಬದುಕುವ ಸಂಭವವಿದೆ. ಮುಟ್ಟಲು ಹೆದರಿ ಸುತ್ತ ನಿಂತವರ ನಡುವೆ ಆ ಸಂಭವ ನಿಮಿಷನಿಮಿಷಕ್ಕೂ ಕರಗುತ್ತದೆ.

ಮಳೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದು ಸರಿದ ಮೇಲೆ, ಅಷ್ಟೇಕೆ, ಬರುವ ಮೊದಲೇ ಗಾಳಿಯ ಮೇಲೇರಿ, ಮಣ್ಣಿನ ವಾಸನೆ ಹರಡುತ್ತದೆ. ೧೯೬೪ರಲ್ಲಿ ಆಸ್ಟ್ರೇಲಿಯದ ಬೇರ್ ಮತ್ತು ಥಾಮಸ್ ಇದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಉತ್ತರ ಪ್ರದೇಶದ ಕನೌಜಿನ ಅತ್ತರು ತಯಾರಕರು ಅದಕ್ಕೂ ಬಹಳ ಹಿಂದಿನಿಂದ ಸುಟ್ಟ ಮಣ್ಣನ್ನು ಬಟ್ಟಿಯಿಳಿಸಿ ಇದನ್ನೇ ಸೀಸೆಗೆ ತುಂಬುತ್ತಿದ್ದರು. ಬಿಸಿಲಿನ ತಿಂಗಳುಗಳಲ್ಲಿ ಮಣ್ಣು ಹೀರಿಟ್ಟ ಎಣ್ಣೆಗಳೂ, ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸಿದ ಜಿಯೋಸ್ಮಿನ್ ಎಂಬ ದ್ರವ್ಯವೂ ಇದರಲ್ಲಿವೆ. ೨೦೧೫ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಮಳೆಹನಿ ಮಣ್ಣಿಗೆ ಬೀಳುವುದನ್ನು ಅತಿವೇಗದ ಕ್ಯಾಮರಾದಿಂದ ಚಿತ್ರಿಸಿದರು. ಹನಿ ಮಣ್ಣಿನ ರಂಧ್ರಗಳ ಗಾಳಿಯನ್ನು ಸೆರೆಹಿಡಿಯುತ್ತದೆ. ಆ ಗಾಳಿ ಸಣ್ಣ ಗುಳ್ಳೆಗಳಾಗಿ ಹನಿಯೊಳಗೆ ಏರಿ ಮೇಲ್ಮೈಯಲ್ಲಿ ಒಡೆಯುತ್ತದೆ. ಸೋಡಾ ಲೋಟದಿಂದ ಸಿಡಿಯುವಂತೆ ಸೂಕ್ಷ್ಮ ತುಂತುರು ಗಾಳಿಗೆ ಹಾರುತ್ತದೆ. ಬಿರುಮಳೆಗಿಂತ ಹದವಾದ ಮಳೆಯಲ್ಲಿ ಈ ತುಂತುರು ಹೆಚ್ಚು. ಅಶ್ವಿನಿಯ ಮೊದಲ ನಾಲ್ಕು ಹನಿಗಳಿಗೆ ಘಮ್ಮೆಂದ ನೆಲ, ಶ್ರಾವಣದ ಜಡಿಮಳೆಗೆ ಸುಮ್ಮನಿರುವುದೇಕೆಂದು ಈಗ ಊಹಿಸಬಹುದು: ಆ ವೇಳೆಗೆ ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ತುಂಬಿ, ಸಿಡಿಯಲು ಗಾಳಿಯೇ ಉಳಿದಿರುವುದಿಲ್ಲ.